ಪಂಡಿತಾ ರಮಾಬಾಯಿ

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ರಮಾಬಾಯಿಯವರು ತಾಯಿಯಿಂದಲೇ ಸಂಸ್ಕೃತವನ್ನು ಕಲಿತರು; ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಎಳೆಯ ಪ್ರಾಯದಲ್ಲಿಯೇ ಕ್ಷಾಮವು ತಂದೆತಾಯಿಗಳನ್ನೂ ಅಕ್ಕನನ್ನೂ ಒಯ್ದಿತು. ಅಣ್ಣನೊಡನೆ ಹಸಿದು ಊರೂರು ಅಲೆದರು. 1882ರಲ್ಲಿ ವಿಧವೆಯಾದರು, ಮರುವರುಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಕೆಲವು ಹುಡುಗಿಯರು ಕ್ರಿಸ್ತನ ಕಡೆಗೆ ಒಲಿದುದರಿಂದ 1893ರಲ್ಲಿ ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಕಳವಳವೂ ಅರ್ಥವಾಗತಕ್ಕದ್ದೇ. ಆದರೂ ಸದನವು ಮುಚ್ಚಲಿಲ್ಲ.

ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ, ಹಸಿವನ್ನು ಕಂಡುಂಡ ಆಕೆ ಸುಮ್ಮನಿರಲಾರದೆ 1897ರಲ್ಲಿ ತಾವೇ ಹೋಗಿ ನೂರಾರು ಅನಾಥೆಯರನ್ನು ಕರೆತಂದರು. ಕೆಡಗಾಂವಿಯಲ್ಲಿ ಬಾವಿ ತೋಡಿಸಿ, ಪೈರು ಬೆಳೆಯಿಸಿ, ಓದಿನೊಡನೆ ನೇಯ್ಗೆ, ಗಾಣ, ಅಚ್ಚುಕೂಟದ ಕೆಲಸಗಳನ್ನೂ ಅವರಿಗೆ ಕಲಿಸಿದರು. 1921ರಲ್ಲಿ ಏಕಮಾತ್ರ ಪುತ್ರಿ ಮನೋರಮಾ ತೀರಿಕೊಂಡರು. ಆ ದುಃಖದಲ್ಲಿಯೂ ಸತ್ಯವೇದದ ಮರಾಠೀ ಭಾಷಾಂತರವನ್ನು ಮುಗಿಸಿ, 1922ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.