ನಲವತ್ತೆರಡಕ್ಕೇ ನಿವೃತ್ತಿ: ಫ್ರಾಂಕ್ಲಿನ್ ಗಳಿಸಿದ ಬಿಡುವು

ಅಮೆರಿಕದ ನೂರು ಡಾಲರ್ ನೋಟಿನ ಮೇಲಿರುವ ಮುಖ ಯಾವ ಅಧ್ಯಕ್ಷನದೂ ಅಲ್ಲ. ಅದು ಬೆಂಜಮಿನ್ ಫ್ರಾಂಕ್ಲಿನ್ ಎಂಬ ಮುದ್ರಕನದು. ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದ ವಿಜ್ಞಾನಿಯೆಂದೇ ನಮ್ಮಲ್ಲಿ ಹೆಚ್ಚಿನವರು ಆತನನ್ನು ಬಲ್ಲರು. ಆದರೆ ಆ ಪ್ರಯೋಗಕ್ಕೆ ನಾಲ್ಕು ವರ್ಷ ಮೊದಲು, 1748ರಲ್ಲಿ, ಆತ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡಿದ್ದ. ಅದಿಲ್ಲದೆ ಹೋಗಿದ್ದರೆ ಪಟದ ದಾರ ಹಿಡಿಯಲು ಆತನಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲವೇನೋ. ದಿನದ ದುಡಿಮೆಯ ನಡುವೆ ಬಾಳಿನ ಕನಸಿಗೆ ಜಾಗ ಹುಡುಕುತ್ತಿರುವವರು ಗಮನಿಸಬೇಕಾದ ಬದುಕು ಇದು.

ಊಟದ ದುಡ್ಡಿನಲ್ಲಿ ಪುಸ್ತಕ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಜೊಸಾಯ ಮೇಣದಬತ್ತಿ ಮತ್ತು ಸಾಬೂನು ತಯಾರಿಸಿ ಮಾರುತ್ತಿದ್ದ. ಆತನಿಗೆ ಒಟ್ಟು ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಬೆಂಜಮಿನ್‌ನೇ ಕಿರಿಯ. ಶಾಲೆಯ ಭಾಗ್ಯ ಎರಡು ವರ್ಷಕ್ಕೇ ಮುಗಿಯಿತು. ಹನ್ನೆರಡನೆಯ ವಯಸ್ಸಿಗೆ ಹುಡುಗ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ.

ಓದುವ ಹಂಬಲ ವಿಪರೀತ. ಪುಸ್ತಕ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಹದಿನಾರರ ಸುಮಾರಿಗೆ ಮಾಂಸಾಹಾರ ಬಿಟ್ಟ ಹುಡುಗ ಅಣ್ಣನ ಮುಂದೆ ಒಂದು ಸಲಹೆ ಇಟ್ಟ. ತನ್ನ ಊಟಕ್ಕೆಂದು ಅಣ್ಣ ಬೇರೆಯವರಿಗೆ ಕೊಡುತ್ತಿದ್ದ ಹಣದಲ್ಲಿ ಅರ್ಧವನ್ನು ತನ್ನ ಕೈಗೇ ಕೊಟ್ಟರೆ ಊಟ ತಾನೇ ನೋಡಿಕೊಳ್ಳುವೆನೆಂದ. ಅಣ್ಣ ಒಪ್ಪಿದ. ರೊಟ್ಟಿ, ಒಣದ್ರಾಕ್ಷಿ, ನೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡ ಹುಡುಗ ಆ ಅರ್ಧದಲ್ಲೂ ಅರ್ಧ ಉಳಿಸಿ ಪುಸ್ತಕ ಕೊಂಡ. ಉಳಿದವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಓದಲು ಏಕಾಂತವೂ ದೊರೆಯಿತು. ಹಣದ ಜೊತೆಗೆ ಸಮಯವನ್ನೂ ಉಳಿಸುವ ಈ ಲೆಕ್ಕಾಚಾರ ಆತನ ಬದುಕಿನುದ್ದಕ್ಕೂ ಕಾಣುತ್ತದೆ.

ಸಾಲ ಕಲಿಸಿದ ಪಾಠ

ಅಣ್ಣನೊಂದಿಗೆ ಮನಸ್ತಾಪವಾಗಿ 1723ರಲ್ಲಿ ಊರು ಬಿಟ್ಟು ಫಿಲಡೆಲ್ಫಿಯಾ ತಲುಪಿದಾಗ ಹದಿನೇಳರ ಆ ತರುಣನ ಬಳಿ ಇದ್ದದ್ದು ಒಂದು ಡಚ್ ಡಾಲರ್ ಮತ್ತು ಒಂದಷ್ಟು ತಾಮ್ರದ ಚಿಲ್ಲರೆ. ಮರುವರ್ಷ ಪೆನ್ಸಿಲ್ವೇನಿಯಾದ ಗವರ್ನರ್ ವಿಲಿಯಂ ಕೀತ್ ಕೊಟ್ಟ ಮಾತು ನಂಬಿ, ಮುದ್ರಣ ಸಾಮಗ್ರಿ ತರಲು ಲಂಡನ್ನಿಗೆ ಹಡಗು ಹತ್ತಿದ. ಭರವಸೆ ನೀಡಿದ್ದ ಸಾಲಪತ್ರ ಬರಲೇ ಇಲ್ಲ. ಪರದೇಶದಲ್ಲಿ ಕೂಲಿ ಮುದ್ರಕನಾಗಿ ದುಡಿದು ಗಳಿಸಿದ್ದರಲ್ಲೂ ಒಂದು ಪಾಲು ಗೆಳೆಯನೊಬ್ಬನಿಗೆ ಕೈಗಡವಾಗಿ ಹೋಗಿ ಮರಳಲಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಋಣ. ಪರಿಚಿತನೊಬ್ಬ ವಸೂಲು ಮಾಡಿ ಇಟ್ಟುಕೊಳ್ಳೆಂದು ವಹಿಸಿದ್ದ ಸುಮಾರು 35 ಪೌಂಡ್‌ನಲ್ಲಿ ಫ್ರಾಂಕ್ಲಿನ್ ಮತ್ತೊಬ್ಬ ಸ್ನೇಹಿತನಿಗೆ ಆಗಾಗ ಸಾಲ ಕೊಟ್ಟಿದ್ದ. ಆ ಸ್ನೇಹಿತ ಕುಡಿತಕ್ಕೆ ಬಿದ್ದು ಕಣ್ಮರೆಯಾದ. ತನ್ನದಲ್ಲದ ಹಣಕ್ಕೆ ಕೈ ಹಾಕಿದ್ದನ್ನು ಬದುಕಿನ ದೊಡ್ಡ ತಪ್ಪುಗಳಲ್ಲೊಂದೆಂದು ಆತ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. 1726ರಲ್ಲಿ ಹಿಂದಿರುಗುವಾಗ, ಸಾಲ ತೀರುವವರೆಗೆ ಕಟ್ಟುನಿಟ್ಟಾಗಿ ಮಿತವ್ಯಯ ಮಾಡಬೇಕೆಂದು ನಿಯಮ ಬರೆದುಕೊಂಡ. ಕೆಲವು ವರ್ಷಗಳ ಬಳಿಕ ಆ ಹಣವನ್ನು ಬಡ್ಡಿಸಹಿತ ತೀರಿಸಿದ.

1728ರಲ್ಲಿ ಪಾಲುದಾರನೊಬ್ಬನ ತಂದೆಯ ಬಂಡವಾಳದಲ್ಲಿ ಸ್ವಂತ ಮುದ್ರಣಾಲಯ ಆರಂಭವಾಯಿತು. ಆದರೆ ಆ ತಂದೆಗೆ ಪೂರ್ತಿ ಹಣ ಹೊಂದಿಸಲಾಗದೆ ವ್ಯವಹಾರ ಕೋರ್ಟಿನ ಮೆಟ್ಟಿಲೇರಿತು. ಆಗ ವಿಲಿಯಂ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್ ಎಂಬ ಇಬ್ಬರು ಗೆಳೆಯರು ತಾವಾಗಿಯೇ ಬಂದು ಸಾಲ ನೀಡಿದರು. ಮುದ್ರಣಾಲಯ ಉಳಿಯಿತು, ಫ್ರಾಂಕ್ಲಿನ್ ಅದರ ಏಕೈಕ ಒಡೆಯನಾದ. ಕೊಂಡ ಕಾಗದವನ್ನು ತಳ್ಳುಗಾಡಿಯಲ್ಲಿ ತಾನೇ ಬೀದಿಯುದ್ದ ತಳ್ಳಿಕೊಂಡು ಬರುತ್ತಿದ್ದ. ದುಡಿಯುವುದಷ್ಟೇ ಅಲ್ಲ, ದುಡಿಯುವವನೆಂದು ಊರಿಗೆ ಕಾಣುವುದೂ ಸಾಲ ಹುಟ್ಟಲು ಅಗತ್ಯವೆಂದು ಆತ ಅರಿತಿದ್ದ.

ಒಂದೇ ಯಂತ್ರವನ್ನು ನಂಬಲಿಲ್ಲ

1729ರಲ್ಲಿ ಕೊಂಡ ಪೆನ್ಸಿಲ್ವೇನಿಯಾ ಗೆಜೆಟ್ ಪತ್ರಿಕೆ, 1732ರಿಂದ ಹೊರತಂದ ಪುವರ್ ರಿಚರ್ಡ್ ಪಂಚಾಂಗ ಎರಡೂ ಕೈ ಹಿಡಿದವು. ಪಂಚಾಂಗ ವರ್ಷಕ್ಕೆ ಹತ್ತು ಸಾವಿರ ಪ್ರತಿಗಳ ಸಮೀಪಕ್ಕೆ ಮಾರಾಟವಾಗುತ್ತಿತ್ತು. ಆದರೂ ಫ್ರಾಂಕ್ಲಿನ್ ತನ್ನ ಎರಡು ಕೈಗಳ ದುಡಿಮೆಯನ್ನೇ ನೆಚ್ಚಿ ಕೂರಲಿಲ್ಲ. 1731ರಲ್ಲಿ ತನ್ನ ಕೆಲಸಗಾರನೊಬ್ಬನನ್ನು ದಕ್ಷಿಣದ ಚಾರ್ಲ್ಸ್‌ಟನ್‌ಗೆ ಕಳುಹಿಸಿದ. ಯಂತ್ರ, ಅಚ್ಚುಮೊಳೆ ಫ್ರಾಂಕ್ಲಿನ್‌ನದು. ಖರ್ಚಿನಲ್ಲಿ ಮೂರನೆಯ ಒಂದು ಪಾಲು, ಲಾಭದಲ್ಲೂ ಮೂರನೆಯ ಒಂದು ಪಾಲು. ಅವಧಿ ಆರು ವರ್ಷ. ಇದೇ ಮಾದರಿಯಲ್ಲಿ ಮುಂದೆ ಬೇರೆ ಊರುಗಳಲ್ಲೂ ಮುದ್ರಣಾಲಯಗಳು ಎದ್ದವು. ಆತ ಮುಟ್ಟದ ಯಂತ್ರಗಳೂ ಆತನಿಗಾಗಿ ದುಡಿಯತೊಡಗಿದವು.

ಸಾಕು ಎಂಬ ಲೆಕ್ಕ

1743ರಲ್ಲಿ ಫ್ರಾಂಕ್ಲಿನ್ ಮೊದಲ ಬಾರಿಗೆ ವಿದ್ಯುತ್ತಿನ ಪ್ರದರ್ಶನ ಕಂಡ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಪೀಟರ್ ಕಾಲಿನ್ಸನ್ ಕಳುಹಿಸಿದ ಗಾಜಿನ ಕೊಳವೆ ಕೈ ಸೇರಿತು. ಮನಸ್ಸೆಲ್ಲ ಪ್ರಯೋಗದ ಮೇಲೆ, ದಿನವೆಲ್ಲ ಅಂಗಡಿಯ ಪಾಲು ಎಂಬಂತಾಯಿತು.

1748ರ ಒಪ್ಪಂದ ಈ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರ. ಸ್ಕಾಟ್ಲೆಂಡಿನಿಂದ ಬಂದು ತನ್ನ ಬಳಿ ಮೇಲ್ವಿಚಾರಕನಾಗಿದ್ದ ಡೇವಿಡ್ ಹಾಲ್‌ನನ್ನು ಪಾಲುದಾರನನ್ನಾಗಿಸಿಕೊಂಡ. ಮುದ್ರಣಾಲಯದ ಹೊಣೆ ಪೂರ್ತಿ ಹಾಲ್‌ನದು, ಲಾಭ ಸಮಪಾಲು, ಅವಧಿ ಹದಿನೆಂಟು ವರ್ಷ. ಇದರ ಜೊತೆಗೆ ಮನೆ ಬಾಡಿಗೆಗಳ ವರಮಾನವೂ ಇತ್ತು. ತಾನೇ ಅಂಗಡಿಯಲ್ಲಿ ಕುಳಿತಿದ್ದರೆ ಉಳಿದರ್ಧ ಲಾಭವೂ ಆತನದೇ ಆಗುತ್ತಿತ್ತು. ಅದನ್ನು ಬಿಟ್ಟುಕೊಟ್ಟು ಸಮಯ ಪಡೆದ. ಊರಿನ ಗದ್ದಲ ಕಡಿಮೆಯಿದ್ದ ಕಡೆಗೆ ಮನೆ ಬದಲಾಯಿಸಿದ. ಆಗ ವಯಸ್ಸು ನಲವತ್ತೆರಡು.

ಫಲಕ್ಕೆ ಬಹಳ ಕಾಯಬೇಕಾಗಲಿಲ್ಲ. 1751ರಲ್ಲಿ ಆತನ ವಿದ್ಯುತ್ ಪ್ರಯೋಗಗಳ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. 1752ರಲ್ಲಿ ಮಿಂಚೂ ವಿದ್ಯುತ್ತೇ ಎಂಬುದು ರುಜುವಾತಾಯಿತು. 1753ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಸಂದಿತು. ಕಟ್ಟಡಗಳನ್ನು ಕಾಯುವ ಮಿಂಚುವಾಹಕಕ್ಕೆ ಆತ ಪೇಟೆಂಟ್ ಪಡೆಯಲಿಲ್ಲ. ಹೊಟ್ಟೆಪಾಡಿನ ಚಿಂತೆ ಇಲ್ಲದವನಿಗೆ ಈ ಔದಾರ್ಯ ಕಷ್ಟವೂ ಆಗಿರಲಿಲ್ಲ.

ಲೆಕ್ಕಕ್ಕೆ ಸಿಗದ ವೆಚ್ಚ

ಎಲ್ಲವೂ ಯೋಜನೆಯಂತೆ ನಡೆಯಿತೆಂದು ಹೇಳಲಾಗದು. ಬಿಡುವಾದ ಮನುಷ್ಯನೆಂದು ತಿಳಿದ ಕೂಡಲೇ ಸಾರ್ವಜನಿಕ ಕೆಲಸಗಳು ಬೆನ್ನು ಹತ್ತಿದವು. ಅಂಚೆ ಇಲಾಖೆ, ಶಾಸನಸಭೆ, ರಾಯಭಾರ, 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ರಚನೆ ಹೀಗೆ ದೇಶ ಆತನ ಸಮಯವನ್ನು ಕಸಿದುಕೊಂಡಿತು.

ಇದಕ್ಕೆ ಬೆಲೆ ತೆತ್ತವಳು ಮಡದಿ ಡೆಬೊರಾ. ಅಂಗಡಿ ನೋಡಿಕೊಂಡು, ಅಚ್ಚಾದ ಹಾಳೆ ಮಡಚಿ ಹೊಲಿದು ಸಂಸಾರವನ್ನು ಮೇಲೆತ್ತಿದ್ದ ಆಕೆಗೆ ಸಮುದ್ರಯಾನವೆಂದರೆ ಭಯ. 1764ರಲ್ಲಿ ಲಂಡನ್ನಿಗೆ ಹೋದ ಪತಿ ಹತ್ತು ವರ್ಷ ಹಿಂದಿರುಗಲಿಲ್ಲ. 1774ರಲ್ಲಿ ಆಕೆ ಕಣ್ಣು ಮುಚ್ಚಿದಾಗಲೂ ಆತ ಅಲ್ಲೇ ಇದ್ದ. ಆತನ ಸಂಪತ್ತಿನ ಮೇಲೆ ಇನ್ನೊಂದು ಕಲೆಯೂ ಇದೆ. ಮನೆಯಲ್ಲಿ ಗುಲಾಮರಿದ್ದರು, ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಮುಪ್ಪಿನಲ್ಲಿ ಮನಸ್ಸು ಬದಲಾಗಿ, 1787ರಲ್ಲಿ ಗುಲಾಮಗಿರಿ ನಿರ್ಮೂಲನಾ ಸಂಘವೊಂದರ ಅಧ್ಯಕ್ಷನಾದ. 1790ರಲ್ಲಿ ಅಮೆರಿಕದ ಸಂಸತ್ತಿಗೆ ಆ ಕುರಿತು ಮನವಿ ಸಲ್ಲಿಸಿದ. ಅದೇ ವರ್ಷ ಏಪ್ರಿಲ್ 17ರಂದು, 84ರ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೂರು ವರ್ಷದ ಉಯಿಲು

ಸಾಯುವ ಮುನ್ನ ಫ್ರಾಂಕ್ಲಿನ್ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬರೆದಿಟ್ಟ. ಕಸುಬು ಕಲಿತು ಮುಗಿಸಿದ, ಇಪ್ಪತ್ತೈದು ದಾಟದ, ಮದುವೆಯಾದ ತರುಣರಿಗೆ ಅದರಿಂದ ಶೇಕಡ 5ರ ಬಡ್ಡಿಗೆ ಸಾಲ ಕೊಡಬೇಕು. ಇಬ್ಬರ ಜಾಮೀನು ಬೇಕು. ಅಸಲನ್ನು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ತೀರಿಸಬೇಕು. ಚಕ್ರಬಡ್ಡಿಯ ಲೆಕ್ಕದಲ್ಲಿ ನೂರು ವರ್ಷಕ್ಕೆ ಪ್ರತಿ ನಿಧಿಯೂ 1,31,000 ಪೌಂಡ್ ಆಗುವುದೆಂದು ಆತ ಅಂದಾಜಿಸಿದ್ದ. ಅದರಲ್ಲಿ ಒಂದು ಲಕ್ಷ ಊರಿನ ಕೆಲಸಗಳಿಗೆ. ಮಿಕ್ಕದ್ದು ಇನ್ನೊಂದು ನೂರು ವರ್ಷ ಬೆಳೆಯಬೇಕು.

ಸಾಲಗಾರರಲ್ಲಿ ಕೆಲವರು ಮರುಪಾವತಿ ಮಾಡಲಿಲ್ಲ; ಕಾಲ ಬದಲಾಗಿ ಕಸುಬು ಕಲಿಯುವ ಹಳೆಯ ಪದ್ಧತಿಯೇ ಮಾಯವಾಯಿತು. ಅಂದಾಜು ಪೂರ್ತಿ ಫಲಿಸಲಿಲ್ಲ. ಆದರೂ 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ ನಿಧಿಯಲ್ಲಿ ಸುಮಾರು 50 ಲಕ್ಷ ಡಾಲರ್, ಫಿಲಡೆಲ್ಫಿಯಾ ನಿಧಿಯಲ್ಲಿ ಸುಮಾರು 20 ಲಕ್ಷ ಡಾಲರ್ ಇತ್ತು. ಬಾಸ್ಟನ್ನಿನಲ್ಲಿ ಆ ಹಣದಿಂದ ಒಂದು ತಾಂತ್ರಿಕ ವಿದ್ಯಾಸಂಸ್ಥೆಯೂ ಎದ್ದಿತ್ತು.

ಈ ಏರ್ಪಾಡಿನ ಕಾರಣವನ್ನು ಫ್ರಾಂಕ್ಲಿನ್ ಉಯಿಲಿನಲ್ಲೇ ತಿಳಿಸಿದ್ದಾನೆ. ತರುಣನಾಗಿದ್ದಾಗ ಇಬ್ಬರು ಗೆಳೆಯರು ನೀಡಿದ ಸಾಲವೇ ತನ್ನೆಲ್ಲ ಸಂಪತ್ತಿನ ಬುನಾದಿಯೆಂದು ಆತ ನೆನೆದಿದ್ದಾನೆ. ಕಾಸಿಗೆ ಕಾಸು ಕೂಡಿಸಿ ಲೆಕ್ಕವಿಟ್ಟ ಮನುಷ್ಯ, ಅರುವತ್ತು ವರ್ಷಗಳ ಹಿಂದಿನ ಆ ಋಣವನ್ನು ಮಾತ್ರ ಕೊನೆಯವರೆಗೂ ಲೆಕ್ಕದಿಂದ ತೆಗೆದುಹಾಕಿರಲಿಲ್ಲ.