ನೋಡಿ ಕಲಿತ ಫ್ಯಾರಡೆ

1812ನೆಯ ಇಸವಿ. ಲಂಡನ್ ನಗರದ ರಾಯಲ್ ಇನ್‌ಸ್ಟಿಟ್ಯೂಷನ್ ಸಭಾಂಗಣದಲ್ಲಿ ಪ್ರಖ್ಯಾತ ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ನಡೆದಿತ್ತು. ಗಣ್ಯರಿಂದ ತುಂಬಿದ್ದ ಆ ಸಭೆಯ ಮೇಲಂತಸ್ತಿನಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬನು ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದನು. ಅವನೇ ಮೈಕೇಲ್ ಫ್ಯಾರಡೆ. ಅವನ ಕೈಯಲ್ಲಿದ್ದ ಪ್ರವೇಶಪತ್ರ ಹಣ ಕೊಟ್ಟು ಕೊಂಡದ್ದಲ್ಲ; ಅವನು ದುಡಿಯುತ್ತಿದ್ದ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟದ್ದು.

1791ರಲ್ಲಿ ಬಡ ಕಮ್ಮಾರನ ಮಗನಾಗಿ ಹುಟ್ಟಿದ ಫ್ಯಾರಡೆಯ ಶಾಲಾಶಿಕ್ಷಣ ಓದು, ಬರಹ, ಲೆಕ್ಕಗಳಿಗೆ ಮುಗಿದಿತ್ತು. ಏಳು ವರ್ಷಗಳ ಕಾಲ ಅವನು ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದನು. ಡೇವಿಯ ನಾಲ್ಕು ಉಪನ್ಯಾಸಗಳ ಟಿಪ್ಪಣಿಗಳನ್ನು ಚಿತ್ರಸಹಿತವಾಗಿ ಬರೆದು, ಅಂದವಾಗಿ ಕಟ್ಟಿ, ಡೇವಿಗೇ ಕಳುಹಿಸಿಕೊಟ್ಟನು. 1813ರ ಮಾರ್ಚಿಯಲ್ಲಿ ಅದೇ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು.

ಉಪಕರಣಗಳನ್ನು ಶುಚಿಯಾಗಿಡುವುದು, ಉಪನ್ಯಾಸಕರಿಗೆ ನೆರವಾಗುವುದು ಇವೇ ಅವನ ಕೆಲಸ. ಮತ್ತೊಬ್ಬನಾಗಿದ್ದರೆ ಅಷ್ಟಕ್ಕೇ ತೃಪ್ತನಾಗುತ್ತಿದ್ದನೋ ಏನೋ! ಫ್ಯಾರಡೆಯಾದರೋ ಮಾತನಾಡುವವರನ್ನೂ ಕೇಳುವವರನ್ನೂ ಒಂದೇ ಸಮನೆ ಗಮನಿಸತೊಡಗಿದನು. ಒಬ್ಬರ ಜಾಣ್ಮೆಯಿಂದ ಕಲಿತಂತೆ ಇನ್ನೊಬ್ಬರ ತಪ್ಪಿನಿಂದಲೂ ಕಲಿತನು. ಉಪನ್ಯಾಸ ಒಂದು ಗಂಟೆಯನ್ನು ಮೀರಬಾರದು. ಸಭಾಂಗಣದಲ್ಲಿ ಗಾಳಿ ಚೆನ್ನಾಗಿ ಆಡಬೇಕು. ಮೇಜಿನ ಮೇಲಿನ ಒಂದು ಉಪಕರಣ ಮತ್ತೊಂದನ್ನು ಮರೆಮಾಡಬಾರದು. ಉಪನ್ಯಾಸಕನು ಅಳುಕದೆ, ಅವಸರಪಡದೆ ನಿಲ್ಲಬೇಕು. ಇಂತಹ ಸಂಗತಿಗಳನ್ನೆಲ್ಲ ಅದೇ ವರ್ಷ ಗೆಳೆಯನೊಬ್ಬನಿಗೆ ವಿವರವಾದ ಪತ್ರಗಳಲ್ಲಿ ಬರೆದನು. ಅಷ್ಟು ಹೊತ್ತಿಗೆ ಅವನು ತಾನಾಗಿ ಒಂದು ಉಪನ್ಯಾಸವನ್ನೂ ಕೊಟ್ಟಿರಲಿಲ್ಲವೆಂಬುದೇ ಸೋಜಿಗ.

ಕಂಡದ್ದನ್ನು ಆಡಿ ತೋರಿಸುವ ಧೈರ್ಯ ಒಂದೇ ದಿನದಲ್ಲಿ ಬರಲಿಲ್ಲ. 1816ರಲ್ಲಿ, ತನ್ನಂತೆಯೇ ಸ್ವಪ್ರಯತ್ನದಿಂದ ವಿಜ್ಞಾನ ಕಲಿಯುತ್ತಿದ್ದವರ ಸಣ್ಣ ಸಂಘವೊಂದರಲ್ಲಿ ಫ್ಯಾರಡೆ ಮೊದಲ ಬಾರಿಗೆ ಮಾತನಾಡಿದನು. ಅನಂತರವೂ ವಾಕ್‌ಕಲೆಯ ಶಿಕ್ಷಕನೊಬ್ಬನಲ್ಲಿ ಪಾಠ ಹೇಳಿಸಿಕೊಂಡನು. ತನ್ನ ಉಪನ್ಯಾಸಗಳಿಗೆ ಆ ಶಿಕ್ಷಕನನ್ನೇ ಕರೆತಂದು, ದೋಷಗಳನ್ನು ಗುರುತಿಸುವಂತೆ ಕೇಳಿಕೊಂಡನು.

1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಫ್ಯಾರಡೆ ಜಗದ್ವಿಖ್ಯಾತನಾದನು. ಹಿಂದೊಮ್ಮೆ ಮೇಲಂತಸ್ತಿನಿಂದ ನೋಡಿದ್ದ ಅದೇ ಸಭಾಂಗಣದಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ಕ್ರಿಸ್‌ಮಸ್ ಉಪನ್ಯಾಸಮಾಲೆಗಳನ್ನು ನಡೆಸಿಕೊಟ್ಟನು. ಆದರೂ ಮಾತಿನ ಭರದಲ್ಲಿ ವೇಗ ಹೆಚ್ಚುವ ಅಭ್ಯಾಸ ಅವನನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ಅದಕ್ಕಾಗಿ, ನಿಧಾನ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ರಟ್ಟೊಂದನ್ನು ಸಿದ್ಧವಾಗಿ ಇರಿಸಿಕೊಂಡಿದ್ದನು. ಮಾತು ಓಡತೊಡಗಿದೊಡನೆ ಅವನ ಸಹಾಯಕನು ಮುಂದೆ ಬಂದು ಅದನ್ನು ಮೇಜಿನ ಮೇಲೆ ಇಡುತ್ತಿದ್ದನು.