ದಾನಿಗಳ ಲೆಕ್ಕ ತಿದ್ದಿದ ಶೂಮಾಕರ್

ಬಡ ರಾಷ್ಟ್ರಗಳಿಗೆ ಸಿರಿವಂತ ರಾಷ್ಟ್ರಗಳು ಎಷ್ಟು ನೆರವು ನೀಡಬೇಕು ಎಂಬ ಚರ್ಚೆ ಎರಡನೇ ಮಹಾಯುದ್ಧ ಮುಗಿದಂದಿನಿಂದ ನಡೆದೇ ಇದೆ. ಆದರೆ ಆ ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕು ಎಂಬ ಪ್ರಶ್ನೆಯನ್ನು ಬ್ರಿಟನ್ನಿನಲ್ಲಿ ಪಟ್ಟುಬಿಡದೆ ಕೇಳಿದವರು ಇ.ಎಫ್. ಶೂಮಾಕರ್. ವಿಚಿತ್ರವೆಂದರೆ ಅವರು ನೆರವಿನ ಖಾತೆಯ ಅಧಿಕಾರಿಯಾಗಿರಲಿಲ್ಲ. ಹುಟ್ಟಿನಿಂದ ಬ್ರಿಟಿಷರೂ ಆಗಿರಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಲ್ಲಿ ಇಪ್ಪತ್ತು ವರ್ಷ ದುಡಿದ ಜರ್ಮನ್ ಮೂಲದ ಅರ್ಥಶಾಸ್ತ್ರಜ್ಞ ಅವರು.

ಅರ್ನ್ಸ್ಟ್ ಫ್ರೆಡ್ರಿಕ್ ಶೂಮಾಕರ್ ಜನಿಸಿದ್ದು 1911ರ ಆಗಸ್ಟ್ 16ರಂದು, ಜರ್ಮನಿಯ ಬಾನ್ ನಗರದಲ್ಲಿ. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ ಮುಂದೆ ಇದೇ ಮನೆಯ ಅಳಿಯನಾದರು. ಶೂಮಾಕರ್ 1930ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1934ರಲ್ಲಿ ತಾಯ್ನಾಡಿಗೆ ಮರಳಿದಾಗ ಅಲ್ಲಿ ಹಿಟ್ಲರನ ಆಡಳಿತ. ಆ ಗಾಳಿಯಲ್ಲಿ ಉಸಿರಾಡಲಾಗದೆ ಪತ್ನಿಯೊಂದಿಗೆ ಇಂಗ್ಲೆಂಡಿನಲ್ಲಿ ನೆಲೆಸಿದರು.

ಯುದ್ಧ ಆರಂಭವಾದ ಬಳಿಕ ಆಶ್ರಯ ಕೊಟ್ಟ ದೇಶವೇ ಅವರನ್ನು ಶತ್ರುರಾಷ್ಟ್ರದ ಪ್ರಜೆಯೆಂದು 1940ರಲ್ಲಿ ಶಿಬಿರದಲ್ಲಿ ಬಂಧನದಲ್ಲಿಟ್ಟಿತು. ಬಿಡುಗಡೆಯಾದ ಮೇಲೆ ನಾರ್ಥಾಂಪ್ಟನ್‌ಷೈರ್ ಸೀಮೆಯ ಹೊಲವೊಂದರಲ್ಲಿ ಕೂಲಿಯಾಳಾದರು. ಅಲ್ಲಿ ನಡೆದ ಸಣ್ಣ ಪ್ರಸಂಗವೊಂದನ್ನು ಅವರು ಮುಂದೆ ಉಪನ್ಯಾಸಗಳಲ್ಲಿ ನೆನೆಯುತ್ತಿದ್ದರು. ಬೆಳಗಿನ ತಿಂಡಿಗೆ ಮೊದಲು ಬೆಟ್ಟದ ಹುಲ್ಲುಗಾವಲಿಗೆ ಹೋಗಿ ದನಗಳನ್ನು ಎಣಿಸಿ ಬರುವುದು ಅವರ ಕೆಲಸ. ದಿನವೂ 32 ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಎಣಿಸುವುದರಿಂದ ದನ ಕೊಬ್ಬುವುದಿಲ್ಲ ಎಂಬರ್ಥದಲ್ಲಿ ಮುದುಕನೊಬ್ಬ ಎಚ್ಚರಿಸಿದಾಗ ಇವರಿಗೆ ನಗು ಬಂದಿತ್ತು. ಒಂದು ದಿನ 31 ದನಗಳಷ್ಟೇ ಸಿಕ್ಕವು. ಒಂದು ಪೊದೆಯ ಬಳಿ ಸತ್ತು ಬಿದ್ದಿತ್ತು. ಒಂದೊಂದು ದನವನ್ನೂ ನಿಂತು ನೋಡಿದ್ದರೆ ಅದರ ಕಾಯಿಲೆ ಮೊದಲೇ ಕಣ್ಣಿಗೆ ಬೀಳುತ್ತಿತ್ತು ಎಂಬುದು ಆಗ ಅರಿವಾಯಿತು. ಅಂಕಿ ಅಂಶಗಳೇ ವೃತ್ತಿಯಾದವನಿಗೆ ಇದಕ್ಕಿಂತ ಒಳ್ಳೆಯ ಪಾಠ ವಿಶ್ವವಿದ್ಯಾಲಯದಲ್ಲಿ ಸಿಕ್ಕಿರಲಾರದು.

ಹೊಲದ ಕೆಲಸದ ನಡುವೆಯೇ ಅಂತರರಾಷ್ಟ್ರೀಯ ಪಾವತಿ ವ್ಯವಸ್ಥೆ ಕುರಿತು ಬರೆದ ಪ್ರಬಂಧ ಜಾನ್ ಮೇನಾರ್ಡ್ ಕೇನ್ಸ್ ಅವರ ಗಮನ ಸೆಳೆಯಿತು. ಆಕ್ಸ್‌ಫರ್ಡಿನಲ್ಲಿ ಕೆಲಸ ದೊರೆಯಿತು. ಪೂರ್ಣ ಉದ್ಯೋಗ ಕುರಿತ ಬೆವೆರಿಜ್ ವರದಿಗೂ ದುಡಿದರು. 1946ರಲ್ಲಿ ಬ್ರಿಟಿಷ್ ಪೌರತ್ವ ಪಡೆದು, ಕೆಲಕಾಲ ಸೋತ ಜರ್ಮನಿಯ ಬ್ರಿಟಿಷ್ ಆಡಳಿತದಲ್ಲಿದ್ದು, 1950ರಲ್ಲಿ ಕಲ್ಲಿದ್ದಲು ಮಂಡಳಿಯ ಆರ್ಥಿಕ ಸಲಹೆಗಾರರಾದರು.

ಬದುಕಿನ ದಿಕ್ಕು ಬದಲಿಸಿದ್ದು 1955ರ ಬರ್ಮಾ ಪ್ರವಾಸ. ವಿಶ್ವಸಂಸ್ಥೆಯ ಸಲಹೆಗಾರರಾಗಿ ಮೂರು ತಿಂಗಳ ಮಟ್ಟಿಗೆ ಹೋದ ಅವರಿಗೆ, ಪಾಶ್ಚಾತ್ಯ ತಜ್ಞರು ಹೇಳಿಕೊಡುತ್ತಿರುವ ಅಭಿವೃದ್ಧಿ ಆ ನಾಡಿನ ಬಾಳಿಗೆ ಒಗ್ಗದ್ದು ಎನ್ನಿಸಿತು. ಬೌದ್ಧ ಅರ್ಥಶಾಸ್ತ್ರ ಎಂಬ ಅವರ ಹೆಸರಾಂತ ಲೇಖನದ ಬೇರು ಇಲ್ಲಿದೆ. ಆದರೆ ನೆರವಿನ ಪ್ರಶ್ನೆ ಅವರನ್ನು ನಿದ್ದೆಗೆಡಿಸಿದ್ದು ಭಾರತದಲ್ಲಿ. ಜಯಪ್ರಕಾಶ ನಾರಾಯಣ್ ಅವರ ಒತ್ತಾಸೆಯಿಂದ 1961ರಲ್ಲಿ ಇಲ್ಲಿಗೆ ಬಂದರು. ಬಳಿಕ ಯೋಜನಾ ಆಯೋಗಕ್ಕೂ ಸಲಹೆ ನೀಡಿದರು. ಗಾಂಧೀಜಿಯವರನ್ನೂ ಜೆ.ಸಿ. ಕುಮಾರಪ್ಪನವರನ್ನೂ ಗಂಭೀರ ಅರ್ಥಚಿಂತಕರೆಂದು ಓದಿಕೊಂಡಿದ್ದ ಅವರು, ಹಳ್ಳಿಗಳಲ್ಲಿ ಕಂಡದ್ದು ಬರಿಯ ಬಡತನವಲ್ಲ, ಕೈಗೆ ಕೆಲಸವಿಲ್ಲದ ಹತಾಶೆ.

ಆ ಕಾಲದ ನೆರವಿನ ಸ್ವರೂಪ ಎಲ್ಲರಿಗೂ ತಿಳಿದದ್ದೇ. ಉಕ್ಕಿನ ಸ್ಥಾವರ, ಅಣೆಕಟ್ಟು, ವಿದ್ಯುದಾಗಾರ. ದುರ್ಗಾಪುರದ ಉಕ್ಕಿನ ಕಾರ್ಖಾನೆ ಎದ್ದದ್ದು ಬ್ರಿಟನ್ನಿನ ನೆರವಿನಿಂದಲೇ. ಕೊಟ್ಟ ಹಣದ ಗಣನೀಯ ಭಾಗಕ್ಕೆ ಬ್ರಿಟಿಷ್ ಸರಕನ್ನೇ ಕೊಳ್ಳಬೇಕೆಂಬ ಷರತ್ತೂ ಇರುತ್ತಿತ್ತು. ಕೊಟ್ಟ ಕೈಗೇ ಹಣ ಮರಳುತ್ತಿತ್ತು ಎನ್ನಲಡ್ಡಿಯಿಲ್ಲ.

ಶೂಮಾಕರ್ ಮುಂದಿಟ್ಟ ಲೆಕ್ಕ ಸರಳ. ಬಡ ದೇಶದ ಹಳ್ಳಿಯ ಕಸುಬುದಾರನ ಉಪಕರಣಕ್ಕೆ ಒಂದು ಪೌಂಡ್ ಎಂದಿಟ್ಟುಕೊಂಡರೆ, ಶ್ರೀಮಂತ ದೇಶದ ಕಾರ್ಖಾನೆಯಲ್ಲಿ ಒಬ್ಬನಿಗೆ ಕೆಲಸ ಕಲ್ಪಿಸಲು 1000 ಪೌಂಡ್ ಬೇಕು. ಸಾವಿರದ ಯಂತ್ರ ಬಂದಾಗ ಒಂದು ಪೌಂಡಿನ ಕಸುಬು ಸಾಯುತ್ತದೆ; ಆದರೆ ಕಸುಬು ಕಳೆದುಕೊಂಡವರಿಗೆಲ್ಲ ಸಾವಿರದ ಕೆಲಸ ಕೊಡುವಷ್ಟು ಬಂಡವಾಳ ಆ ದೇಶದಲ್ಲಿಲ್ಲ. ಆದ್ದರಿಂದ ನೆರವು ಸಲ್ಲಬೇಕಾದದ್ದು ನಡುವಿನ 100 ಪೌಂಡಿನ ಸಲಕರಣೆಗೆ. ಅದನ್ನು ಊರಿನ ಕಮ್ಮಾರ ದುರಸ್ತಿ ಮಾಡುವಂತಿರಬೇಕು, ಊರಿನ ಜನ ಕೊಳ್ಳುವಂತಿರಬೇಕು. ಇದಕ್ಕೆ ಅವರಿಟ್ಟ ಹೆಸರು ಮಧ್ಯಮ ತಂತ್ರಜ್ಞಾನ.

ದೆಹಲಿಯಲ್ಲಿ ಈ ವಿಚಾರಕ್ಕೆ ಉತ್ಸಾಹದ ಸ್ವಾಗತ ಸಿಗಲಿಲ್ಲ. 1964ರಲ್ಲಿ ಕೇಂಬ್ರಿಜ್ ಸಮ್ಮೇಳನದಲ್ಲಂತೂ ಟೀಕೆಯ ಸುರಿಮಳೆಯಾಯಿತು. ಹೂಡಿದ ಪ್ರತಿ ರೂಪಾಯಿಗೂ ಅತ್ಯಾಧುನಿಕ ಯಂತ್ರವೇ ಹೆಚ್ಚು ಉತ್ಪಾದಿಸುತ್ತದೆ ಎಂಬುದು ನಿಕೊಲಸ್ ಕಾಲ್ಡೋರ್ ಅವರ ವಾದವಾಗಿತ್ತು. ಬಡವರಿಗೆ ಎರಡನೇ ದರ್ಜೆಯ ಸರಕು ದಾಟಿಸುವ ಹುನ್ನಾರವಿದು ಎಂಬ ಅನುಮಾನ ಬಡ ದೇಶಗಳ ಮುಖಂಡರಲ್ಲೂ ಇತ್ತು. ವಸಾಹತುಶಾಹಿಯನ್ನು ಉಂಡವರಿಗೆ ಅಂಥ ಗುಮಾನಿ ಬಂದದ್ದು ಸಹಜವೇ. ಈ ಪ್ರಶ್ನೆಗೆ ಶೂಮಾಕರ್ ಕೊನೆಯವರೆಗೂ ಎಲ್ಲರೂ ಒಪ್ಪುವ ಉತ್ತರ ಕೊಟ್ಟರೆಂದು ಹೇಳಲಾಗದು.

ಆದರೆ ಸುಮ್ಮನಾಗಲಿಲ್ಲ. 1965ರ ಆಗಸ್ಟಿನಲ್ಲಿ ಲಂಡನ್ನಿನ 'ದಿ ಅಬ್ಸರ್ವರ್' ಪತ್ರಿಕೆಯಲ್ಲಿ ಲೇಖನ ಬರೆದು, ನೆರವು ಜನರನ್ನು ತಮ್ಮ ಕಾಲ ಮೇಲೆ ನಿಲ್ಲಿಸುವ ಬಗೆ ಹೇಗೆಂದು ವಿವರಿಸಿದರು. ಪತ್ರಗಳ ಪ್ರವಾಹವೇ ಹರಿದುಬಂತು. ಮರುವರ್ಷ ಜಾರ್ಜ್ ಮೆಕ್‌ರಾಬಿ ಮೊದಲಾದ ಗೆಳೆಯರೊಂದಿಗೆ ಮಧ್ಯಮ ತಂತ್ರಜ್ಞಾನ ಅಭಿವೃದ್ಧಿ ತಂಡ ಸ್ಥಾಪನೆಯಾಯಿತು. ಸಣ್ಣ ಸಲಕರಣೆಗಳು ಎಲ್ಲಿ ಸಿಗುತ್ತವೆಂಬ ಪಟ್ಟಿಯ ಪುಸ್ತಕವೇ ತಂಡದ ಮೊದಲ ಕೆಲಸಗಳಲ್ಲಿ ಒಂದು.

ತಂಡದ ಕೆಲಸದ ರೀತಿಗೆ ಗಾಡಿಚಕ್ರದ ಪ್ರಸಂಗ ಒಳ್ಳೆಯ ನಿದರ್ಶನ. ಆಫ್ರಿಕಾದ ರೈತರಿಗೆ ಎತ್ತಿನ ಗಾಡಿ ಬೇಕಿತ್ತು. ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿಯನ್ನು ಬಾಗಿಸುವ ಯಂತ್ರಕ್ಕೆ ಮಾರುಕಟ್ಟೆಯಲ್ಲಿ 700 ಪೌಂಡ್ ಬೆಲೆ. ಹುಡುಕುತ್ತ ಹೋದಾಗ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಇಪ್ಪತ್ತನೇ ಶತಮಾನದ ಆರಂಭದ ಹಳೆಯ ಉಪಕರಣವೊಂದು ಸಿಕ್ಕಿತು. ಇಂಗ್ಲೆಂಡಿನ ಕೃಷಿ ಎಂಜಿನಿಯರಿಂಗ್ ಕಾಲೇಜೊಂದು ಅದನ್ನು ಪರಿಷ್ಕರಿಸಿತು. ವಿದ್ಯುತ್ ಬೇಡದ, ಕೈಯಲ್ಲೇ ನಡೆಸುವ ಆ ಉಪಕರಣದ ವೆಚ್ಚ 7 ಪೌಂಡ್. ಜಾಂಬಿಯಾದ ಮೊಟ್ಟೆ ತಟ್ಟೆಯ ಕಥೆಯೂ ಹಾಗೆಯೇ. ಆ ದೇಶಕ್ಕೆ ವರ್ಷಕ್ಕೆ ಹತ್ತು ಲಕ್ಷ ತಟ್ಟೆ ಸಾಕು. ಕಂಪೆನಿಯ ಬಳಿಯಿದ್ದ ಅತಿ ಸಣ್ಣ ಯಂತ್ರ ತಿಂಗಳಿಗೇ ಹತ್ತು ಲಕ್ಷ ತಯಾರಿಸುತ್ತಿತ್ತು. ಕೊನೆಗೆ ತಂಡವೇ ಚಿಕ್ಕ ಯಂತ್ರವನ್ನು ರೂಪಿಸಬೇಕಾಯಿತು.

ಇಷ್ಟಾದರೂ ಲೋಕ ಅವರನ್ನು ಗುರುತಿಸಿದ್ದು ತಡವಾಗಿ. 1970ರಲ್ಲಿ ನಿವೃತ್ತರಾದರು. 1973ರಲ್ಲಿ 'ಸ್ಮಾಲ್ ಈಸ್ ಬ್ಯೂಟಿಫುಲ್' ಪ್ರಕಟವಾಯಿತು. ಅದೇ ವರ್ಷ ತೈಲ ಬಿಕ್ಕಟ್ಟು ಎರಗಿತು. ಅಗ್ಗದ ಎಣ್ಣೆಯನ್ನು ನಂಬಿ ಕಲ್ಲಿದ್ದಲು ಗಣಿಗಳನ್ನು ಮುಚ್ಚಬೇಡಿರೆಂದು ಮಂಡಳಿಯಲ್ಲಿದ್ದಾಗ ಅವರು ಕೊಟ್ಟ ಎಚ್ಚರಿಕೆ ಆಗ ಜನರಿಗೆ ನೆನಪಾಯಿತು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. 1975ರಲ್ಲಿ ಬ್ರಿಟಿಷ್ ಸರ್ಕಾರದ ಶ್ವೇತಪತ್ರ ಕಡುಬಡವರಿಗೂ ಗ್ರಾಮೀಣ ಅಭಿವೃದ್ಧಿಗೂ ನೆರವಿನಲ್ಲಿ ಆದ್ಯತೆ ಘೋಷಿಸಿತು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಕೂಡ ಇಂಥ ತಂತ್ರಜ್ಞಾನಕ್ಕೆ 2 ಕೋಟಿ ಡಾಲರ್‌ವರೆಗೆ ಬಳಸಲು ಅನುಮತಿಸಿತು. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ಶ್ವೇತಭವನಕ್ಕೆ ಕರೆಸಿಕೊಂಡರು. ಅದೇ ಸೆಪ್ಟೆಂಬರ್ 4ರಂದು ಉಪನ್ಯಾಸ ಪ್ರವಾಸದಲ್ಲಿದ್ದ ಶೂಮಾಕರ್ ಸ್ವಿಟ್ಜರ್ಲೆಂಡಿನಲ್ಲಿ ರೈಲಿನಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ.

ಶ್ವೇತಪತ್ರದ ಮಾತು ಎಲ್ಲವೂ ಕೃತಿಗಿಳಿಯಲಿಲ್ಲ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಕೊಟ್ಟ ನೆರವು ಕಾನೂನುಬಾಹಿರವೆಂದು ಬ್ರಿಟನ್ನಿನ ಹೈಕೋರ್ಟ್ 1994ರಲ್ಲಿ ತೀರ್ಪಿತ್ತಿತು. ಆ ನೆರವಿನ ಹಿಂದೆ ಶಸ್ತ್ರಾಸ್ತ್ರ ವ್ಯಾಪಾರದ ನೆರಳಿತ್ತು. ಬ್ರಿಟಿಷ್ ಸರಕನ್ನೇ ಕೊಳ್ಳಬೇಕೆಂಬ ಷರತ್ತು ರದ್ದಾಗಲು 2001ರವರೆಗೆ ಕಾಯಬೇಕಾಯಿತು. ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವಿನ ಗುರಿಯನ್ನು ಬ್ರಿಟನ್ 2013ರಲ್ಲಿ ಮುಟ್ಟಿ, 2021ರಲ್ಲಿ ಶೇ 0.5ಕ್ಕೆ ಇಳಿಸಿತು. 2027ರ ವೇಳೆಗೆ ಶೇ 0.3ಕ್ಕೆ ತಗ್ಗಿಸುವುದಾಗಿ 2025ರಲ್ಲಿ ಪ್ರಕಟಿಸಿತು.

ಶೂಮಾಕರ್ ಪುಸ್ತಕ ಹೊರಬಂದ ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಘಟಕ ಶುರುವಾಯಿತು. ಅದು ಶೂಮಾಕರ್ ಕಟ್ಟಿದ್ದಲ್ಲ, ಇಲ್ಲಿಯದೇ ಚಿಂತನೆಯ ಫಲ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರ ತೆರೆಯಿತು. ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಲ್ಲಿ ಮನೆಯಾಚೆಗೆ ಸಾಗಿಸುವ ಅಸ್ತ್ರ ಒಲೆ ರಾಜ್ಯದ ಎಷ್ಟೋ ಅಡುಗೆಮನೆಗಳನ್ನು ಹೊಕ್ಕಿತು. ಇತ್ತ ಶೂಮಾಕರ್ ಕಟ್ಟಿದ ತಂಡ 2005ರಲ್ಲಿ 'ಪ್ರಾಕ್ಟಿಕಲ್ ಆಕ್ಷನ್' ಎಂದು ಹೆಸರು ಬದಲಿಸಿಕೊಂಡು ಆಫ್ರಿಕಾ, ದಕ್ಷಿಣ ಏಷ್ಯಾ, ಲ್ಯಾಟಿನ್ ಅಮೆರಿಕಗಳ ಹಳ್ಳಿಗಳಲ್ಲಿ ಕೆಲಸ ಮುಂದುವರಿಸಿತು.